ಒಂದು ತಟ್ಟಿದರೆ ಹೌದು

ಆ ರಾತ್ರಿ ವೆಂಕಟಸುಬ್ಬಯ್ಯ ಮೇಷ್ಟ್ರು ಗೋರೆಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ ಪ್ಲಾಟ್‌ಫಾರಮ್ಮಿನ ಮೇಲೆ ಒಂದು ನಾಯಿ ಬಿಟ್ಟರೆ ಬೇರೆ ಜೀವ ಇರಲಿಲ್ಲ. ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಎರಡು ದಪ್ಪ ಪುಸ್ತಕ. ಫ್ಲೋರಾ ಫೌಂಟನ್ ಹತ್ತಿರ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡುತ್ತಿದ್ದರಲ್ಲ, ಅಲ್ಲಿ ಕೂತು ಕೆದಕುತ್ತಾ ಹೊತ್ತು ಹೋದದ್ದೇ ಗೊತ್ತಾಗಿರಲಿಲ್ಲ.

ಇಸವಿ ಐವತ್ತಮೂರೋ ನಾಲ್ಕೋ ಇರಬೇಕು. ಆಗಿನ ಮುಂಬಯಿಯ ಗೋರೆಗಾಂವ್ ಅಂದರೆ ಈಗಿನದಲ್ಲ ನೋಡಿ. ಪೂರ್ವಕ್ಕೆ ಇಳಿದರೆ ನಾಲ್ಕು ಅಂಗಡಿ, ಒಂದು ಇರಾನಿ ಹೋಟೆಲು, ಆಮೇಲೆ ಬರೀ ಭತ್ತದ ಗದ್ದೆ. ಗದ್ದೆ ನಡುವೆ ಕಾಲುದಾರಿ. ಅದು ಮುಗಿಯುವಲ್ಲಿ ಒಂದು ಆಲದ ಮರ. ಮರ ದಾಟಿದರೆ ಹೆಂಚಿನ ಚಾಳು, ಸಾಲು ಖೋಲಿಗಳ ಮನೆ. ದೀಪ ಅಂದರೆ ಸ್ಟೇಷನ್ನಿನದು ಹಿಂದೆ ಉಳಿಯಿತು, ಅಷ್ಟೆ.

ಚಪ್ಪಲಿ ಸದ್ದು... ಚಟ್, ಚಟ್. ಗದ್ದೆಯಲ್ಲಿ ಕಪ್ಪೆ. ಮೇಷ್ಟ್ರು ಮರದ ಹತ್ತಿರ ಬಂದರು. ಕಪ್ಪೆಗಳು ನಿಂತವು.

ಬಿಳಲುಗಳ ನಡುವೆ ಯಾರೋ ನಿಂತಿದ್ದರು.

ದಾರುಬಂದಿಯ, ಅಂದರೆ ಪಾನನಿಷೇಧದ ಕಾಲ ಅದು. ಕಳ್ಳಭಟ್ಟಿಯವರು ಕತ್ತಲಲ್ಲಿ ಡಬ್ಬ ಸಾಗಿಸುತ್ತಿದ್ದರು, ಪೋಲೀಸರು ದಾರಿಹೋಕರನ್ನು ನಿಲ್ಲಿಸಿ ಬಾಯಿ ಮೂಸುತ್ತಿದ್ದರು. ಇಬ್ಬರಲ್ಲಿ ಒಬ್ಬ ಅಂದುಕೊಂಡು ಮೇಷ್ಟ್ರು, "ಕೋಣ್ ಆಹೆ?" ಅಂದರು, ಯಾರದು ಅಂತ.

"ನಾನು..."

ಹೆಂಡತಿಯ ದನಿ.

"ಸರಸೂ? ಇಷ್ಟೊತ್ನಲ್ಲಿ ಇಲ್ಲೇನೇ ಮಾಡ್ತಿದೀಯ?"

"ಶ್... ಮೆಲ್ಲಗೆ ಮಾತಾಡಿ."

"ಯಾಕೆ?"

"ಶಾಮು ಬರೋ ಹೊತ್ತು. ನಿಮ್ಮ ದನಿ ಕೇಳಿದ್ರೆ, ಓದೋಕೆ ಕೂರಿಸ್ತಾರೆ ಅಂತ ವಾಪಸ್ ಹೋಗಿಬಿಡ್ತಾಳೆ."

ಮೇಷ್ಟ್ರು ಕಂಕುಳಲ್ಲಿದ್ದ ಪುಸ್ತಕ ಕೆಳಗಿಟ್ಟು ಹೆಂಡತಿಯ ತೋಳು ಹಿಡಿದರು. ತಣ್ಣಗಿತ್ತು. ಬರಿಗಾಲಲ್ಲಿ ನಿಂತಿದ್ದಳು. ಅವರ ಒಬ್ಬಳೇ ಮಗಳು ಶಾಮಲಾ ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆ ಚಾಳಿನಲ್ಲಿ ಮೇಷ್ಟ್ರ ಪಕ್ಕದ ಖೋಲಿ ನಮ್ಮ ದೊಡ್ಡಪ್ಪ ಬಸವಂತಪ್ಪನದು. ಧಾರವಾಡದ ಕಡೆಯಿಂದ ಹೋಗಿ ದಾದರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ. ಎಲ್ಲ ಮುಗಿದ ಮೇಲೆ ಮೇಷ್ಟ್ರೇ ಒಂದು ಸಂಜೆ ಅವನ ಮುಂದೆ ಕೂತು ಎಳೆ ಎಳೆಯಾಗಿ ಹೇಳಿಕೊಂಡರು. ಅರ್ಧ ಅವರ ಬಾಯಿಂದ ಬಂದದ್ದು, ಇನ್ನರ್ಧ ನಮ್ಮ ದೊಡ್ಡವ್ವ ನಾಗವ್ವ ಕಿವಿಯಾರೆ ಕೇಳಿದ್ದು. ಒಂದಕ್ಷರ ನಾನು ಸೇರಿಸಿಲ್ಲ.

ಮೇಷ್ಟ್ರು ಮೈಸೂರಿನವರು. ಮುಂಬಯಿಯ ಫೋರ್ಟ್ ಕಡೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದರು. ಅವರಿಗಿದ್ದದ್ದು ಒಂದೇ ಹುಚ್ಚು. ಸತ್ತವರ ಜೊತೆ ಮಾತಾಡುತ್ತೇವೆ ಅಂತ ಹೇಳಿಕೊಂಡವರ ಚರಿತ್ರೆ ಬರೆಯಬೇಕು, ಅದೂ ಕನ್ನಡದಲ್ಲಿ. ಮನುಷ್ಯನಿಗೆ ಈ ನಂಬಿಕೆ ಎಲ್ಲಿಂದ ಹುಟ್ಟಿತು, ಯಾವ ದೇಶದಲ್ಲಿ ಹೇಗೆ ಬೆಳೆಯಿತು, ಮೇಜಿನ ಸುತ್ತ ಕೂತು ಪ್ರೇತ ಕರೆಯುವ ಚಾಳಿ ವಿಲಾಯತಿಯಿಂದ ಇಲ್ಲಿಯ ಪಾರ್ಸಿಗಳ ಬಂಗಲೆಗೆ ಹೇಗೆ ಬಂತು... ಇಂಥದ್ದೆಲ್ಲ. ಅದಕ್ಕಾಗಿ ಸಿಕ್ಕ ಸಿಕ್ಕ ಪುಸ್ತಕ ತಂದು ಗೋಡೆಗೆ ಒಟ್ಟಿದ್ದರು. ಇದ್ದದ್ದೇ ಒಂದೂವರೆ ಖೋಲಿ. ಪುಸ್ತಕದ ನಡುವೆ ಹಾಸಿಗೆ ಹಾಸುತ್ತಿದ್ದರು.

ತಮಾಷೆ ಏನೆಂದರೆ, ಮೇಷ್ಟ್ರು ಅದರಲ್ಲಿ ಒಂದು ಮಾತನ್ನೂ ನಂಬುತ್ತಿರಲಿಲ್ಲ. ಯಾರು ಬಾಯೊಳಗೆ ತೆಳು ಬಟ್ಟೆ ಇಟ್ಟುಕೊಂಡು ಪ್ರೇತ ಅಂತ ಉಗುಳಿದರು, ಯಾರು ಕೂದಲಿನಂಥ ದಾರ ಕಟ್ಟಿ ಕುರ್ಚಿ ಎತ್ತಿದರು, ಎಲ್ಲ ಅವರ ಬಾಯಿಪಾಠ. ಅಮೆರಿಕದಲ್ಲಿ ಅಕ್ಕತಂಗಿಯರು ಕಾಲಬೆರಳಿನ ಕೀಲಿನಿಂದ ಟಕ್ ಟಕ್ ಅನ್ನಿಸಿ ಊರಿಗೆ ಊರನ್ನೇ ಮಂಕುಮಾಡಿದ್ದರಂತೆ. ಆ ವಿದ್ಯೆಯನ್ನು ಮೇಷ್ಟ್ರು ತಾವೂ ಸಾಧಿಸಿದ್ದರು. ಹೆಬ್ಬೆರಳನ್ನು ಪಕ್ಕದ ಬೆರಳಿನ ಮೇಲೆ ಒತ್ತಿ ಹಿಡಿದು ತಟ್ಟನೆ ಜಾರಿಸಿದರೆ, ಕಾಲ ಕೆಳಗಿನ ಮರ ಟಕ್ ಅನ್ನುತ್ತಿತ್ತು. ಮೈ ಅಲುಗುತ್ತಿರಲಿಲ್ಲ. ಕ್ಲಾಸಿನಲ್ಲಿ ಮಾಡಿ ತೋರಿಸಿ ಹುಡುಗರನ್ನು ನಗಿಸುತ್ತಿದ್ದರು.

ಮಗಳು ಸತ್ತ ಮೇಲೆ ಆ ನಗು ನಿಂತಿತು. ಗಂಟಲಮಾರಿ. ಹತ್ತು ವರ್ಷದ ಹುಡುಗಿ. ಅಂಟುರೋಗದ ವಾರ್ಡು ಅಂತ ತಾಯಿಯೊಬ್ಬಳನ್ನೇ ಒಳಗೆ ಬಿಟ್ಟಿದ್ದರು. ಮೇಷ್ಟ್ರು ಹೊರಗೆ ವರಾಂಡದಲ್ಲಿ ನಿಂತೇ ಇದ್ದರು, ಮಗು ಹೋಗುವ ಹೊತ್ತಿಗೂ.

ಅಲ್ಲಿಂದ ಬಂದ ಸರಸ್ವತಿ ಸರಿಯಾಗಿ ಉಣ್ಣಲಿಲ್ಲ. ತಲೆ ಬಾಚಲಿಲ್ಲ. ಕತ್ತಲಾದರೆ ಎದ್ದು ಹೋಗಿ ಆಲದ ಮರದ ಕೆಳಗೆ ನಿಲ್ಲುತ್ತಿದ್ದಳು. ಶಾಮಲಾ ಸ್ಕೂಲಿನಿಂದ ಬರುತ್ತಿದ್ದ ದಾರಿ ಅದು.

ಆ ರಾತ್ರಿ ಅವಳನ್ನು ಮನೆಗೆ ಕರೆತಂದು ಕಾಲು ತೊಳೆದು ಕೂರಿಸಿದರು. ಅವಳು ಪೇಪರ್ ಸುತ್ತಿದ ಪುಸ್ತಕಗಳನ್ನೇ ನೋಡಿದಳು.

"ಇದರಲ್ಲೂ ಅದೇ ಇದೆಯಾ? ಸತ್ತವರ ಹತ್ತಿರ ಮಾತಾಡೋದು?"

"ಅದೆಲ್ಲ ಸುಳ್ಳು ಕಣೇ."

"ಅಷ್ಟು ದಪ್ಪ ದಪ್ಪ ಪುಸ್ತಕ... ಗೋಡೆ ತುಂಬ... ಎಲ್ಲಾ ಸುಳ್ಳೇ?"

ಮೇಷ್ಟ್ರು ಆ ಎರಡು ಪುಸ್ತಕವನ್ನು ಗೋಡೆಯ ಕಡೆ ಸರಿಸಿದರು.

"ನೀವು ಮನಸ್ಸು ಮಾಡ್ತಿಲ್ಲ, ಅಷ್ಟೆ. ನಿಮಗೆ ಗೊತ್ತಿದೆ. ಒಂದೇ ಒಂದು ಸಲ ಕರೀರಿ. ಒಂದು ಸಲ..."

ಕಾಲು ಹಿಡಿದುಕೊಂಡಳು. ಕಟ್ಟಿಕೊಂಡ ಹೆಂಡತಿ ಕಾಲು ಹಿಡಿದರೆ ಯಾವ ಗಂಡಸಿನ ವಿದ್ಯೆ ನಿಲ್ಲುತ್ತದೆ ಹೇಳಿ?

ಮಾರನೇ ದಿನ ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಕಿಟಕಿ ಮುಚ್ಚಿ, ಕಂದೀಲು ಸಣ್ಣ ಮಾಡಿ, ಟೀಪಾಯಿ ನಡುವೆ ಇಟ್ಟರು. ಎದುರುಬದುರು ಕೂತರು. ಪಂಚೆಯ ಅಂಚು ಪಾದ ಮುಚ್ಚಿತ್ತು. ಬೆರಳು ಟೀಪಾಯಿಯ ಕಾಲಿಗೆ ತಾಗಿಸಿ ಇಟ್ಟುಕೊಂಡರು.

ಸರಸ್ವತಿ ಕಣ್ಣು ಮುಚ್ಚಿದಳು. "ಶಾಮೂ... ಬಂದಿದೀಯೇನೇ? ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ. ಗೊತ್ತಲ್ಲ?"

ತಾವು ಎಂದೋ ಹೇಳಿದ ಕತೆಯಿಂದ ಈ ಲೆಕ್ಕ ಕಲಿತಿದ್ದಾಳೆ ಅಂದುಕೊಂಡರು ಮೇಷ್ಟ್ರು. ಬೆರಳು ಜಾರಿಸಿದರು.

ಟಕ್.

ಸರಸ್ವತಿಯ ಮುಖ... ಮೇಷ್ಟ್ರು ದೊಡ್ಡಪ್ಪನಿಗೆ ಹೇಳಿದ ಮಾತೇ ಹೇಳುತ್ತೇನೆ. "ಬಸವಂತಪ್ಪನವರೇ, ಮದುವೆ ದಿನ ಅಂತರಪಟ ಸರಿಸಿದಾಗ ನೋಡಿದ್ದ ಮುಖ ಅದು. ಆ ಮುಖಕ್ಕಾಗಿ ಇನ್ನೂ ನೂರು ಸುಳ್ಳು ಹೇಳ್ತಿದ್ದೆ."

"ನೋವು ಇದೆಯಾ ಮಗು?"

ಟಕ್, ಟಕ್.

"ಹಸಿವು?"

ಟಕ್, ಟಕ್.

"ಅಮ್ಮ ಊಟ ಮಾಡ್ಲಾ?"

ಟಕ್.

ಅವತ್ತು ಸರಸ್ವತಿ ಅನ್ನ ಕಲಸಿಕೊಂಡು ಉಂಡಳು. ಮೇಷ್ಟ್ರು ಅಡುಗೆಮನೆಯ ಕತ್ತಲಲ್ಲಿ ನಿಂತು ಅತ್ತರು.

ಅಲ್ಲಿಂದ ದಿನಾ ಸಂಜೆ ಇದೇ. ಸರಸ್ವತಿ ತಲೆಗೆ ಎಣ್ಣೆ ಹಚ್ಚಿಕೊಂಡಳು. ಮರದ ಕೆಳಗೆ ನಿಲ್ಲುವುದು ಬಿಟ್ಟಳು. ಮೇಷ್ಟ್ರು ಕಾಲೇಜಿನಿಂದ ಬೇಗ ಬರತೊಡಗಿದರು. ಹೊಸ ಪುಸ್ತಕ ತರಲಿಲ್ಲ, ಬರೆಯುವುದೂ ನಿಂತಿತು. ಬರೆಯಲು ಕೂತರೆ ಸುಳ್ಳು ಹೇಳಿದ ಅಷ್ಟೂ ಜನ ಎದುರು ಬಂದು, ಏನಪ್ಪಾ, ನೀನೂ ನಮ್ಮವನೇ ಆದೆಯಲ್ಲ ಅಂದಂತೆ ಆಗುತ್ತಿತ್ತಂತೆ.

ಹೀಗಿರುವಾಗ ಒಂದು ದಿನ ನೀರಿನ ನಲ್ಲಿಯ ಹತ್ತಿರ ನಮ್ಮ ನಾಗವ್ವ ದೊಡ್ಡವ್ವ ಮೇಷ್ಟ್ರನ್ನು ತಡೆದಳು.

"ಮಾಸ್ತರ, ಒಂದ್ ಮಾತ್ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಸಂಜಿಮುಂದ ನಿಮ್ಮ ಮನ್ಯಾಗ ಟಕ್ ಟಕ್ ಅಂತದಲ್ರಿ, ಅದು ನಮಗ ರೂಢಿ ಆಗೇದ. ಆದ್ರ ನೀವು ಕಾಲೇಜಿಗೆ ಹೋದ ಮ್ಯಾಲೂ ಅಂತದ. ಮಟಮಟ ಮಧ್ಯಾಹ್ನ."

"ಟಕ್ ಅಂತಾನಾ?"

"ಟಕ್ ಅಲ್ರಿ. ಬ್ಯಾರೆ. ನೀವ ಬಂದು ಕೇಳ್ರಿ."

ಮಾರನೇ ದಿನ ಮೇಷ್ಟ್ರು ಕಾಲೇಜಿಗೆ ಹೊರಟವರು ಸ್ಟೇಷನ್ನಿನಿಂದಲೇ ತಿರುಗಿ ಬಂದರು. ಹಿಂದಿನ ಬಾಗಿಲಿನಿಂದ ದೊಡ್ಡವ್ವನ ಖೋಲಿಗೆ ಹೊಕ್ಕರು. ಇಬ್ಬರೂ ಗೋಡೆಗೆ ಕಿವಿ ಇಟ್ಟರು. ಹೊರಗೆ ಬಿಸಿಲು ಧಗಧಗ. ಯಾರದೋ ಮನೆಯ ಮಗು ಅಳುತ್ತಿತ್ತು, ಸುಮ್ಮನಾಯಿತು.

ಆಚೆಯಿಂದ ಸರಸ್ವತಿಯ ಪಿಸುದನಿ. "...ಕತ್ತಲೆ ಇದೆಯಾ ಅಲ್ಲಿ?"

ಟಿಣ್.

"ಒಬ್ಬಳೇ ಇದೀಯಾ?"

ಟಿಣ್.

"ಭಯ ಆಗತ್ತಾ?"

...

ಟಿಣ್.

ಗಾಜಿನ ಬಳೆ ಹಿತ್ತಾಳೆಗೆ ತಾಗಿದ ಸದ್ದು. ಸಣ್ಣದು. ದೊಡ್ಡವ್ವ ತನ್ನ ಕೊರಳಿನ ಲಿಂಗ ಹಿಡಿದುಕೊಂಡಳು. ಮೇಷ್ಟ್ರಿಗೆ ಮಾತ್ರ ಬೇರೆಯೇ ಹೆದರಿಕೆ. ಅಯ್ಯೋ, ತಾನೇ ಕೇಳಿ ತಾನೇ ಬಳೆ ತಟ್ಟಿಕೊಳ್ಳುತ್ತಿದ್ದಾಳೆ. ನನ್ನ ಸುಳ್ಳು ಅವಳ ತಲೆ ಕೆಡಿಸಿತು. ಇನ್ನು ಸಾಕು, ಇದನ್ನು ನಿಲ್ಲಿಸಬೇಕು.

ಹೇಗೆ ನಿಲ್ಲಿಸುವುದು ಅಂತ ಯೋಚಿಸಿದರು. ಮಗಳೇ ಹೋಗಿಬರುತ್ತೇನೆ ಅಂತ ಹೇಳಿದರೆ? ತಾಯಿ ಅಳುತ್ತಾಳೆ, ಎದೆ ಹಗುರಾಗುತ್ತದೆ. ಅಲ್ಲಿಗೆ ಮುಗಿಯಿತು.

ಅವತ್ತು ಸಂಜೆ ಕೂತರು. ಕಂದೀಲು ಸಣ್ಣಗಿತ್ತು. ಮೇಷ್ಟ್ರು ಮುನ್ನೆಚ್ಚರಿಕೆಗೆ ಅಂತ ಹೆಂಡತಿಯ ಎರಡೂ ಮುಂಗೈ ಹಿಡಿದುಕೊಂಡರು. ಬಳೆಗಳೆಲ್ಲ ಅವರ ಅಂಗೈಯೊಳಗೆ ಮುಚ್ಚಿಹೋದವು.

"ಸರಸೂ, ಅವಳು ಹೊರಡಬೇಕಾ ಅಂತ ಕೇಳು."

ಸರಸ್ವತಿ ಅವರ ಮುಖ ನೋಡಿದಳು. ಆಮೇಲೆ ಕೇಳಿದಳು. "ಹೊರಡ್ತೀಯೇನೇ, ಶಾಮೂ?"

ಟಕ್. ಮೇಷ್ಟ್ರ ಬೆರಳು.

"ಇನ್ನು ಈ ಮನೆಗೆ ಬರೋದಿಲ್ಲ ಅಂತೀಯಾ?"

ಟಕ್. ಅದೂ ಮೇಷ್ಟ್ರದೇ.

ಸರಸ್ವತಿ ಅಳಲಿಲ್ಲ. ಮೆಲ್ಲಗೆ, ಅಂಗಡಿಗೆ ಹೋಗಿಬರಲಾ ಅಂತ ಕೇಳುವ ಹಾಗೆ ಕೇಳಿದಳು.

"ಹಾಗಾದ್ರೆ ನಾನೇ ಬರ್ಲಾ?"

ಎರಡು ಸಲ ತಟ್ಟಬೇಕು. ಬೆರಳು ಒತ್ತಿದರು. ಜಾರಿಸುವ ಮೊದಲೇ...

ಟಿಣ್.

ಅವಳ ಕೈ ಅವರ ಕೈಯೊಳಗೇ ಇತ್ತು. ಒಂದು ಬಳೆಯೂ ಅಲುಗಿರಲಿಲ್ಲ. ಸದ್ದು ಬಂದದ್ದು ಟೀಪಾಯಿಯ ಮೇಲಿಂದ. ಇಬ್ಬರ ನಡುವೆ, ಏನೂ ಇಲ್ಲದ ಜಾಗದಿಂದ.

ಮೇಷ್ಟ್ರು ಹುಚ್ಚರ ಹಾಗೆ ಬೆರಳು ಬಡಿದರು. ಟಕ್, ಟಕ್! ಟಕ್, ಟಕ್!

ಟಿಣ್... ನಿಧಾನವಾಗಿ, ಹಠದ ಮಗುವಿನ ಹಾಗೆ.

ಕಂದೀಲು ದೊಡ್ಡದು ಮಾಡಿದರು. ಪಂಚೆ ಸರಿಸಿ ಕಾಲು ಮುಂದಿಟ್ಟರು. "ಸರಸೂ, ನೋಡು. ಇಲ್ನೋಡು. ನಾನೇ ಕಣೇ. ಮೊದಲಿನಿಂದ ನಾನೇ ಮಾಡ್ತಿದ್ದದ್ದು. ಶಾಮು ಇಲ್ಲ, ಯಾರೂ ಇಲ್ಲ." ಅವಳ ಕಣ್ಣೆದುರೇ ಮಾಡಿ ತೋರಿಸಿದರು. ಟಕ್.

ಸರಸ್ವತಿ ಅವರ ಪಾದದ ಮೇಲೆ ಕೈ ಇಟ್ಟಳು. "ನಂಗೆ ಗೊತ್ತು ಕಣ್ರೀ. ಮೊದಲ ದಿನಾನೇ ಗೊತ್ತಾಯ್ತು. ಪಾಪ, ನಾನು ಉಣ್ಣಲಿ ಅಂತ ಮಾಡ್ತಿದೀರ ಅಂತ ಸುಮ್ಮನಿದ್ದೆ."

"ಗೊತ್ತಿದ್ದೂ..."

"ನಿಮ್ಮದು ಟಕ್. ಅವಳು ಬಂದದ್ದು ಆಮೇಲೆ. ನೀವು ದಿನಾ ಕೂರಿಸಿ ಕರೆಸಿದ್ರಲ್ಲ, ದಾರಿ ಗೊತ್ತಾಯ್ತು." ಅವಳ ದನಿ ಇನ್ನೂ ತಗ್ಗಿತು. "ನೀವು ಹೊರಗೆ ಇದ್ರಿ, ನಿಮಗೆ ಗೊತ್ತಿಲ್ಲ. ಆಸ್ಪತ್ರೇಲಿ ಗಂಟಲು ಕಟ್ಟಿ ಮಾತು ನಿಂತುಹೋಗಿತ್ತು ಮಗೂಗೆ. ನೀರು ಬೇಕಾ ಅಂತ ಕೇಳಿದ್ರೆ ಬಳೆ ಕೈ ಎತ್ತಿ ಹಿತ್ತಾಳೆ ಲೋಟಕ್ಕೆ ತಾಗಿಸೋದು. ಒಂದು ಸಲ ಅಂದ್ರೆ ಹೌದು. ಎರಡು ಸಲ ಅಂದ್ರೆ ಇಲ್ಲ. ಅದು ನಮ್ಮಿಬ್ಬರ ಲೆಕ್ಕ."

ಮೇಷ್ಟ್ರು ಪಾದ ಹಿಂದಕ್ಕೆ ಎಳೆದುಕೊಂಡರು. ಸರಸ್ವತಿ ಮುಂದುವರಿಸಿದಳು.

"ಕೊನೇ ರಾತ್ರಿ ತುಂಬ ಹೆದರಿದ್ದಳು. ಅಮ್ಮ ಜೊತೇಲಿ ಬರ್ಬೇಕಾ ಅಂತ ಕೇಳಿದೆ. ಒಂದು ಸಲ ತಾಗಿಸಿದಳು. ಬರ್ತೀನಿ ಕಂದಾ ಅಂದೆ... ಮಾತು ಕೊಟ್ಟೆ. ಆಮೇಲೇ ಕಣ್ಣು ಮುಚ್ಚಿದ್ದು."

ಆ ರಾತ್ರಿಯೇ ಸರಸ್ವತಿ ಹಾಸಿಗೆ ಹಿಡಿದಳು. ಮತ್ತೆ ಏಳಲಿಲ್ಲ. ಮಲಾಡಿನಿಂದ ಡಾಕ್ಟರು ಬಂದರು. ಜ್ವರ ಇಲ್ಲ, ಎದೆ ಸರಿ ಇದೆ, ನಾಡಿ ಮಾತ್ರ ಸೋತಿದೆ, ಹಾಲು ಕೊಡಿ ಅಂದರು. ಹಾಲು ತುಟಿಯಿಂದ ಹೊರಗೇ ಹರಿಯಿತು. ಮುಖ ಮಾತ್ರ ಸಮಾಧಾನ. ಸೀರೆಯೊಳಗೆ ಮೈ ದಿನಾ ಕರಗುತ್ತಾ ಬಂತು. ದೊಡ್ಡವ್ವ ಹಗಲು ಬಂದು ಕೂರುತ್ತಿದ್ದಳು. ರಾತ್ರಿ ಮೇಷ್ಟ್ರು.

ರಾತ್ರಿ ಆದರೆ ಮೂಲೆಯಿಂದ ಶುರು. ಸರಸ್ವತಿ ಕಣ್ಣು ಬಿಡದೆ ತುಟಿಯಲ್ಲೇ ಕೇಳುತ್ತಿದ್ದಳು. "ಬರ್ಲಾ?"

ಟಿಣ್.

ಕೊನೆಗೊಂದು ರಾತ್ರಿ ಮೇಷ್ಟ್ರು ಎದ್ದು ಹಾಸಿಗೆಗೂ ಆ ಮೂಲೆಗೂ ನಡುವೆ ಕೂತರು. ಪುಸ್ತಕಗಳಲ್ಲಿ ಪ್ರೇತ ಕಳಿಸುವ ಮಂತ್ರ, ವಿಧಿ ಏನೇನೋ ಇದ್ದವು. ಅವರು ಓದಿ ನಕ್ಕಿದ್ದೇ ಎಲ್ಲ. ಈಗ ಒಂದೂ ಬಾಯಿಗೆ ಬರಲಿಲ್ಲ. ಸ್ವಂತ ಮಗಳನ್ನು ಯಾವ ಮಂತ್ರ ಹೇಳಿ ಓಡಿಸುವುದು? ಅವರಿಗೆ ತಿಳಿದಿದ್ದ ಭಾಷೆ ಒಂದೇ. ಕಾಲನ್ನು ನೆಲದ ಹಲಗೆಗೆ ಒತ್ತಿದರು.

ಟಕ್, ಟಕ್.

"ಬೇಡ ಕಣೇ ಶಾಮೂ. ಅಮ್ಮನ್ನ ಬಿಡು."

ಟಿಣ್.

ಟಕ್, ಟಕ್. "ನಾನು ಬರ್ತೀನಿ. ಅಣ್ಣ ಬರ್ತೀನಿ, ಸಾಲದಾ?"

ಆ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯುತ್ತಿದ್ದದ್ದು. ಮೇಷ್ಟ್ರು ಕಿವಿ ಕೊಟ್ಟು ಕಾದರು. ಗದ್ದೆಯ ಕಡೆಯಿಂದ ಗಾಳಿ ಬಂದು ಕಿಟಕಿಯ ಚಿಲಕ ಅಲುಗಿತು.

ಟಿಣ್, ಟಿಣ್.

ಗೋಡೆಯಾಚೆ ದೊಡ್ಡವ್ವ ಎಚ್ಚರವಾಗೇ ಇದ್ದಳು. ರಾತ್ರಿಯೆಲ್ಲ ಕೇಳಿದೆ ಅನ್ನುತ್ತಿದ್ದಳು. ಆ ಕಡೆ ಟಕ್ ಟಕ್, ಟಕ್ ಟಕ್. ಈ ಕಡೆ ಒಂದೇ ಟಿಣ್. ತವರಿಗೆ ಹೋಗುವ ಹೆಂಗಸಿನ ಸೆರಗು ಇಬ್ಬರು ಎರಡು ಕಡೆಯಿಂದ ಎಳೆದ ಹಾಗೆ. ದೊಡ್ಡಪ್ಪ ಎದ್ದು ಹೋಗಿ ಬಾಗಿಲು ಬಡಿಯಲೇ ಅಂದನಂತೆ. "ಬ್ಯಾಡ್ರಿ," ಅಂದಳಂತೆ ಅವಳು. "ಅವರ ಮನಿ ಮಾತು ನಡದೈತಿ."

ಬೆಳಗಿನ ಜಾವ ಮೊದಲ ಲೋಕಲ್ ರೈಲು ಸಿಳ್ಳೆ ಹಾಕಿತು. ಅಷ್ಟು ಹೊತ್ತಿಗೆ ಮೇಷ್ಟ್ರ ಬೆರಳು ಊದಿ ನೀಲಿಯಾಗಿತ್ತು, ಚರ್ಮ ಕಿತ್ತು ರಕ್ತ ಹಲಗೆಗೆ ಅಂಟಿತ್ತು. ಮಡಚಲು ಆಗಲಿಲ್ಲ. ಒಂದು ಗಳಿಗೆ ಕಾಲು ನಿಂತಿತು. ಒಂದೇ ಗಳಿಗೆ.

ಹಿಂದೆ ಹಾಸಿಗೆಯಲ್ಲಿ ಸರಸ್ವತಿ ಸ್ಪಷ್ಟವಾಗಿ, "ಬಂದೆ ಇರು, ಓಡಬೇಡ," ಅಂದಳು.

ಅವರು ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು.

ಮೇಷ್ಟ್ರು ಕೂಗಲಿಲ್ಲ. ಬೆಳಕು ಹರಿದ ಮೇಲೆ ಬಂದು ದೊಡ್ಡಪ್ಪನ ಬಾಗಿಲ ಹೊರಗೆ ನಿಂತು, "ನಾಗಮ್ಮನವರನ್ನ ಸ್ವಲ್ಪ ಕಳಿಸ್ತೀರಾ?" ಅಂದರಷ್ಟೆ. ಒಂದು ಕಾಲು ಊರಲು ಆಗದೆ ಗೋಡೆ ಹಿಡಿದಿದ್ದರು. ಆ ಕಾಲು ಆಮೇಲೆ ಕೊನೆಯವರೆಗೂ ಕುಂಟೇ. ಪುಸ್ತಕಗಳನ್ನು ತಿಥಿ ಕಳೆದ ಮೇಲೆ ರದ್ದಿಯವನ ಕೈಗಾಡಿಗೆ ತುಂಬಿಸಿಬಿಟ್ಟರು. ಚರಿತ್ರೆ ಬರೆಯಲಿಲ್ಲ. ಮೈಸೂರಿಗೂ ಹೋಗಲಿಲ್ಲ. ಅದೇ ಖೋಲಿಯಲ್ಲಿ ಒಬ್ಬರೇ ಇದ್ದರು, ಸಂಜೆಯಾದರೆ ಕಂದೀಲು ಹಚ್ಚಿ ಸುಮ್ಮನೆ ಕೂರುತ್ತಿದ್ದರು. ದೊಡ್ಡವ್ವ ಎಷ್ಟೋ ಸಲ ಗೋಡೆಗೆ ಕಿವಿ ಇಟ್ಟು ಕೇಳಿದಳಂತೆ. ಯಾವ ಸದ್ದೂ ಇರಲಿಲ್ಲ. ಅದೇ ಇನ್ನೂ ಸಂಕಟ ಅನ್ನುತ್ತಿದ್ದಳು.

ಇನ್ನೊಂದು ಮಾತು ಉಳಿಯಿತು. ಹೆಣ ತೆಗೆದ ದಿನದ್ದು.

ಸ್ನಾನ ಮಾಡಿಸಿದವರು ದೊಡ್ಡವ್ವ, ಮೂಲೆ ಖೋಲಿಯ ಗುಜರಾತಿ ಹೆಂಗಸು ವಿನೋದಿನಿಬೆನ್, ಇಬ್ಬರೇ. ಆ ಮೈಯಲ್ಲಿ ಏನು ಉಳಿದಿತ್ತು ಹೇಳಿ? ದೊಡ್ಡವ್ವ ಒಂದೇ ತೋಳಿನಲ್ಲಿ ಎತ್ತಿ ಕೂರಿಸಿದಳು, ವಿನೋದಿನಿಬೆನ್ ಅರಿಶಿನ ಹಚ್ಚಿದಳು. ಮಡಚಿದ ಕೌದಿಯಷ್ಟೂ ಭಾರ ಇರಲಿಲ್ಲ ಅಂತ ಇಬ್ಬರೂ ಹೇಳಿದ್ದಾರೆ. ಬೇರೆ ಬೇರೆ ಕೇಳಿದಾಗಲೂ ಅದನ್ನೇ ಹೇಳಿದ್ದಾರೆ.

ಹೊರಗೆ ಚಟ್ಟ ಕಟ್ಟಿ ಮಲಗಿಸಿದರು. ಊರಲ್ಲಾಗಿದ್ದರೆ ಜಾತಿ ನೋಡುತ್ತಿದ್ದರೋ ಏನೋ. ಮುಂಬಯಿಯಲ್ಲಿ ಹೆಗಲು ಕೊಟ್ಟವನೇ ನೆಂಟ. ಮೇಷ್ಟ್ರು ಕುಂಟುತ್ತಾ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತರು. ದೊಡ್ಡಪ್ಪ ಒಂದು ಕಡೆ, ಚಾಳಿನಲ್ಲೇ ಇದ್ದ ಮಂಗಳೂರಿನ ಸದಾನಂದ ಇನ್ನೊಂದು ಕಡೆ, ಹಿಂದೆ ಗಿರಣಿಯಲ್ಲಿ ದುಡಿಯುವ ಇಬ್ಬರು ಮರಾಠಿ ಗಟ್ಟಿ ಆಳುಗಳು. ಬಗ್ಗಿದರು. ಎತ್ತಿದರು.

ಏಳಲಿಲ್ಲ.

ಬಿದಿರು ಎಲ್ಲೋ ಸಿಕ್ಕಿಕೊಂಡಿದೆ ಅಂತ ಬಗ್ಗಿ ನೋಡಿದರು. ಏನೂ ಇಲ್ಲ. ಮತ್ತೆ ಎತ್ತಿದರು. ಮೊಣಕಾಲಿನಷ್ಟು ಎದ್ದು, ಬಿದಿರು ಕಿರ್ರ್ ಅಂದಿತು, ಕೆಳಗಿಟ್ಟರು. ಸದಾನಂದ ದೊಡ್ಡಪ್ಪನ ಮುಖ ನೋಡಿದ. ಇನ್ನಿಬ್ಬರು ಬಂದು ನಡುವೆ ಹೆಗಲು ಕೊಟ್ಟ ಮೇಲೆ ಹೊರಟದ್ದು. ಸ್ಮಶಾನದವರೆಗೆ ನಾಲ್ಕು ಕಡೆ ಇಳಿಸಿ ಇಳಿಸಿ ಒಯ್ದರು. ಒಬ್ಬರ ಭಾರ ಅಲ್ಲ ಅದು, ಅನ್ನುತ್ತಿದ್ದ ದೊಡ್ಡಪ್ಪ. ಮೇಷ್ಟ್ರು ಮಾತ್ರ ಒಮ್ಮೆಯೂ ಹಿಂದೆ ತಿರುಗಿ, ಯಾಕೆ ನಿಂತಿರಿ ಅಂತ ಕೇಳಲಿಲ್ಲ.

ಕತೆ ಅಂತೀರಾ, ಅನ್ನಿ. ಬಿದಿರು ಒತ್ತಿದ ಕಡೆ ದೊಡ್ಡಪ್ಪನ ಬಲ ಹೆಗಲು ಕಂದಿ ಕಪ್ಪಗಾಗಿತ್ತು. ಸಾಯುವವರೆಗೂ ಆ ಕಲೆ ಹೋಗಲಿಲ್ಲ. ಅವನು ಸ್ನಾನಕ್ಕೆ ಅಂಗಿ ಬಿಚ್ಚಿದಾಗ ನಾನೇ ಬೆನ್ನು ತಿಕ್ಕಿದ್ದೇನೆ, ಈ ಕೈಯಲ್ಲೇ ಮುಟ್ಟಿ ನೋಡಿದ್ದೇನೆ.